ಕತ್ತಲಲ್ಲಿ ಕೂತು ನೋಡಿದವನು

ಐಲಿ ಸ್ಪ್ರೂಸ್ ಮರದ ಕೊಂಬೆಗಳನ್ನು ಮೊಣಕಾಲಿಗೆ ಕೊಟ್ಟು ಮುರಿದು ಹಾದಿಯ ಮೇಲೆ ಹಾಸುತ್ತಿದ್ದಳು. ಬಾಗಿಲಿನಿಂದ ಗೇಟಿನವರೆಗೆ ಹಿಮ ಗೋರಿ ಸರಿಸಿದ್ದಾಗಿತ್ತು. ಈಗ ಅದರ ಮೇಲೆ ಹಸಿರು ಬೀಳಬೇಕು. ಅಣ್ಣನ ಶವದ ಪೆಟ್ಟಿಗೆ ಹೊರುವವರು ಹಸಿರಿನ ಮೇಲೇ ನಡೆಯಬೇಕು. ಊರಿನ ಎಲ್ಮಾರ್ ಹಿಂದಿನಿಂದ ಇನ್ನೊಂದು ಹೊರೆ ಕೊಂಬೆ ಎಳೆದು ತಂದು ಅವಳ ಪಕ್ಕದಲ್ಲಿ ಒಗೆದ.

"ಇಷ್ಟು ಒತ್ತಾಗಿ ಹಾಕ್ಬೇಡ ಮಾರಾಯ್ತಿ. ಹೊರೋರು ಎಡವಿ ಬಿದ್ರೆ ನಿಮ್ಮಣ್ಣ ಎದ್ದು ಕೂತು ಅದನ್ನೂ ಬರ್ಕೊಳ್ತಾನೆ. ಯಾರು ಬಿದ್ರು, ಯಾವ ಕಡೆಗೆ ಬಿದ್ರು ಅಂತ."

"ಬರ್ಕೊಳ್ಲಿ ಬಿಡು," ಎಂದಳು ಐಲಿ. "ಬೇರೆ ಏನು ಬರ್ತಿತ್ತು ಅವನಿಗೆ."

ತಮ್ಮೂರು ಪಲುಮಾದಲ್ಲಿ ಈ ಮಾತನ್ನು ಅವಳು ಹುಡುಗಿಯಾಗಿದ್ದಾಗಿನಿಂದ ಕೇಳುತ್ತ ಬಂದಿದ್ದಳು. ಕಮ್ಮಾರನ ಮಗ ವಾಂಬೊಲ ತಾರ್ತು ನಗರಕ್ಕೆ ಓದಲು ಹೋದ, ದೊಡ್ಡ ವಿದ್ವಾಂಸನಾದ. ಯಾವುದರಲ್ಲಿ? ನಾಟಕದಲ್ಲಿ. ಹಾಗಾದರೆ ಪಾತ್ರ ಮಾಡುತ್ತಾನೋ? ಇಲ್ಲ. ನಾಟಕ ಬರೆಯುತ್ತಾನೋ? ಇಲ್ಲ. ಮತ್ತೇನು ಮಾಡುತ್ತಾನೆ? ನೋಡುತ್ತಾನೆ. ಅಲ್ಲಿಗೆ ಮಾತು ನಿಂತು ಹಾಲಿನ ಟ್ರಕ್ ಕಾಯುತ್ತಿದ್ದವರೆಲ್ಲ ನೆಲ ನೋಡುತ್ತ ನಗುತ್ತಿದ್ದರು. "ನಾನೂ ದಿನಾ ದನ ನೋಡ್ತೀನಿ, ಹಾಲಾದ್ರೂ ಬರುತ್ತೆ" ಎಂದು ಈ ಎಲ್ಮಾರನೇ ಒಮ್ಮೆ ಹೇಳಿದ್ದ. ಐಲಿ ಆಗ ಅವನ ಜೊತೆ ಜಗಳ ಆಡಬೇಕಿತ್ತು. ಆಡಲಿಲ್ಲ, ಏಕೆಂದರೆ ಏನು ಉತ್ತರ ಕೊಡಬೇಕೆಂದು ಅವಳಿಗೂ ಸರಿಯಾಗಿ ತಿಳಿದಿರಲಿಲ್ಲ.

ಶವದ ವ್ಯಾನು ತಾರ್ತುವಿನಿಂದ ಬಂದು ಅಂಗಳದಲ್ಲಿ ನಿಂತಿತ್ತು. ಅದರ ಹಿಂದೆಯೇ ಬಸ್ಸು ಬಂತು. ಇಳಿದವರು ರಂಗಮಂದಿರದ ಜನ. ಒಳ್ಳೆಯ ಕೋಟು, ತೆಳ್ಳನೆ ಅಟ್ಟೆಯ ಬೂಟು. ಹಿಮಕ್ಕೆ ಕಾಲಿಡುತ್ತಲೇ ಜಾರಿ ಒಬ್ಬರ ತೋಳು ಒಬ್ಬರು ಹಿಡಿದರು. ಊರಿನವರು ಕೊಟ್ಟಿಗೆಯ ಗೋಡೆಗೆ ಒರಗಿ ಅದನ್ನೇ ನೋಡುತ್ತಿದ್ದರು.

ಕೊನೆಗೆ ಇಳಿದವಳು ಹೆಲ್ಗಿ. ಅವಳನ್ನು ಐಲಿ ಟೀವಿಯಲ್ಲಿ ನೋಡಿದ್ದಳು, ಅಜ್ಜಿಯ ಪಾತ್ರಗಳಲ್ಲಿ. ಬಿಳಿಯ ಹೂಗಳ ಗೊಂಚಲು ಹಿಡಿದು ನೇರ ಐಲಿಯ ಬಳಿಗೇ ಬಂದಳು.

"ನೀವೇ ಐಲಿ ಅಲ್ವಾ. ಮೂಗು ನೋಡಿದ ಕೂಡಲೇ ಗೊತ್ತಾಯ್ತು."

"ಅಪ್ಪನ ಮೂಗು. ಇಬ್ಬರಿಗೂ ಬಂತು. ಬನ್ನಿ, ಒಳಗೆ ಕಾಫಿ ಇದೆ."

ಹೆಲ್ಗಿ ಒಳಗೆ ಹೋಗಲಿಲ್ಲ. ಹೂಗಳನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸಿದಳು. "ಒಂದು ಮಾತು ಕೇಳೋಕಿತ್ತು. ನಮ್ಮಲ್ಲಿ ಒಂದು ರೂಢಿ. ನಮ್ಮೋರು ಯಾರಾದ್ರೂ ಹೋದ್ರೆ, ಮಣ್ಣಾದ ಮೇಲೆ ಕೊನೇ ಸಲ ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸಿ ಕೊಡ್ತೀವಿ. ಸ್ಟೇಜಿಂದ ಕಳಿಸೋ ಹಾಗೆ. ನಿಮ್ಮ ಒಪ್ಪಿಗೆ ಇದ್ರೆ ಮಾತ್ರ."

"ಅದು ಪಾತ್ರ ಮಾಡೋರಿಗೆ ಅಲ್ವಾ?"

"ಹೌದು. ಮಾಮೂಲಾಗಿ."

"ವಾಂಬೊಲ ಒಂದು ದಿನಾನೂ ಸ್ಟೇಜ್ ಹತ್ತಿದೋನಲ್ಲ."

ಹೆಲ್ಗಿ ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಎಲ್ಮಾರ್ ಕೊಂಬೆ ಬಿಟ್ಟು ಸೊಂಟ ನೆಟ್ಟಗೆ ಮಾಡಿದ. "ಸ್ಮಶಾನದಲ್ಲಿ ಚಪ್ಪಾಳೆನಾ? ಹಾಗಾದ್ರೆ ಪಾಪ ಅವನು ಎದ್ದು ಬಂದು ಬಗ್ಗಿ ನಮಸ್ಕಾರ ಮಾಡ್ಬೇಕಾಗುತ್ತೆ. ನಾವು ಮತ್ತೆ ಮೊದಲಿಂದ ಹೂಳ್ಬೇಕು."

ಕೊಟ್ಟಿಗೆಯ ಗೋಡೆಯ ಕಡೆಯಿಂದ ಒಂದು ಕೆಮ್ಮು ಕೇಳಿತು. ನಗುವನ್ನು ಕೆಮ್ಮು ಮಾಡಿದ್ದು. ಐಲಿಯ ಕಿವಿ ಬಿಸಿಯಾಯಿತು. ಇವರು ಚಪ್ಪಾಳೆ ತಟ್ಟಿ ಬಸ್ಸು ಹತ್ತಿ ಹೋಗುತ್ತಾರೆ. ನಾಳೆ ಅಂಗಡಿಯಲ್ಲಿ ಬ್ರೆಡ್ಡಿಗೆ ನಿಲ್ಲಬೇಕಾದವಳು ತಾನು. ಬದುಕಿದ್ದಾಗ ಅಣ್ಣನನ್ನು ನೋಡಿ ನಕ್ಕ ಊರು ಅವನ ಗುಂಡಿಯ ಅಂಚಿನಲ್ಲೂ ನಗಬೇಕೇ?

"ಬೇಡ," ಎಂದಳು. "ತಪ್ಪು ತಿಳ್ಕೋಬೇಡಿ. ಇಲ್ಲಿ ಹಾಗೆಲ್ಲ ಮಾಡೋದಿಲ್ಲ."

"ಸರಿ," ಎಂದಳು ಹೆಲ್ಗಿ. ಅವಳು ಒತ್ತಾಯ ಮಾಡಿದ್ದರೆ ಚೆನ್ನಾಗಿತ್ತೇನೋ. ತನ್ನವರ ಕಡೆಗೆ ತಿರುಗಿ ಸಣ್ಣಗೆ ತಲೆಯಾಡಿಸಿದಳು, ಅಷ್ಟೆ.

* * *

ಎಷ್ಟೋ ವರ್ಷಗಳ ಹಿಂದೆ, ಐಲಿಗೆ ಇಪ್ಪತ್ತು ತುಂಬಿದ ಚಳಿಗಾಲ. ಸಾಮೂಹಿಕ ಬೇಸಾಯದ ಡೈರಿಯ ಲ್ಯಾಬಿನಲ್ಲಿ ಹೊಸ ಕೆಲಸ. ಹಾಲಿನ ಮಾದರಿಗೆ ಆಸಿಡ್ ಬೆರೆಸಿ, ಯಂತ್ರದಲ್ಲಿ ಗಿರ್ರನೆ ತಿರುಗಿಸಿ, ಗಾಜಿನ ಕೊಳವೆಯ ಕತ್ತಿನಲ್ಲಿ ಬಂದು ನಿಲ್ಲುವ ಹಳದಿ ಕೊಬ್ಬನ್ನು ಕಣ್ಣಿಗೆ ಸಮನಾಗಿ ಹಿಡಿದು ಅಳೆಯುವುದು. ಏಪ್ರನ್ನಿನ ತುಂಬ ಆಸಿಡ್ ಸಿಡಿದ ಸಣ್ಣ ಸಣ್ಣ ತೂತುಗಳು. ಆ ಶನಿವಾರ ವಾಂಬೊಲ ಅವಳನ್ನು ತಾರ್ತುವಿಗೆ ಕರೆಸಿಕೊಂಡಿದ್ದ.

ಮೇಲಿನ ಬಾಲ್ಕನಿಯಲ್ಲಿ, ಪಕ್ಕದ ಮೂಲೆಯಲ್ಲಿ ಸೀಟು. ಅಲ್ಲಿಂದ ರಂಗದ ಅರ್ಧ ಕಾಣುತ್ತಿರಲಿಲ್ಲ.

"ಇದಕ್ಕಿಂತ ಕೆಟ್ಟ ಜಾಗ ಸಿಗ್ಲಿಲ್ವಾ ನಿಂಗೆ?" ಎಂದಿದ್ದಳು.

"ಇದು ನಾನು ಕೇಳಿ ತಗೊಂಡ ಜಾಗ. ಸುಮ್ನೆ ನೋಡು."

ನಾಟಕ ಹಳ್ಳಿಯ ಒಂದು ಅಡುಗೆಮನೆಯದು. ಐಲಿ ಮೊದಲು ಕತೆಗಿಂತ ಒಲೆಯನ್ನು ನೋಡಿದಳು; ಅದರಲ್ಲಿ ಬೆಂಕಿಯಿಲ್ಲ, ಆದರೂ ಹೆಂಗಸರು ಕೈ ಕಾಯಿಸುತ್ತಿದ್ದಾರೆ. ಆಮೇಲೆ ಅದೂ ಮರೆತುಹೋಯಿತು. ಕೊನೆಯ ದೃಶ್ಯದಲ್ಲಿ ಅವಳ ಕಣ್ಣು ತುಂಬಿದಾಗ ವಾಂಬೊಲ ಅವಳ ತೋಳು ಜಗ್ಗಿದ. ಅವನು ರಂಗದ ಕಡೆಗೆ ಬೆನ್ನು ಮಾಡಿ ಕೂತಿದ್ದ.

"ಈಗ ಅಲ್ಲಿ ಅಲ್ಲ. ಕೆಳಗೆ ನೋಡು. ಜನರನ್ನು."

ಪರದೆ ಬಿದ್ದಿತ್ತು. ಯಾರೂ ಅಲುಗಾಡಲಿಲ್ಲ. ಒಬ್ಬಳು ಕರವಸ್ತ್ರವನ್ನು ಕೆನ್ನೆಯವರೆಗೆ ತಂದು ಅಲ್ಲಿಯೇ ಬಿಟ್ಟಿದ್ದಳು. ಒಬ್ಬ ದಪ್ಪ ಮನುಷ್ಯನ ಬಾಯಿ ಮಗುವಿನ ಬಾಯಿಯಂತೆ ತೆರೆದಿತ್ತು. ಅಷ್ಟು ಜನ ಕೂತ ಸಭಾಂಗಣ ಉಸಿರು ಹಿಡಿದು ನಿಂತಂತೆ ಇತ್ತು. ಆಮೇಲೆ ಎಲ್ಲೋ ಒಂದು ಚಪ್ಪಾಳೆ ಬಿತ್ತು, ಅದರ ಬೆನ್ನಿಗೆ ಮಳೆ ಬಂದಂತೆ ಉಳಿದದ್ದು. ವಾಂಬೊಲ ಮಾತ್ರ ತಟ್ಟಲಿಲ್ಲ. ಗೋಡೆಗೆ ಒರಗಿ ನಿಧಾನ ಉಸಿರು ಬಿಟ್ಟ.

ಹೊರಗೆ ಮಾಂಸ ತುಂಬಿದ ಬಿಸಿ ಬನ್ನು ಕೊಂಡು ಇಬ್ಬರೂ ನದಿಯ ದಂಡೆಯ ಮೇಲೆ ನಡೆದರು.

"ಇದೇನಾ ನಿನ್ನ ಕೆಲಸ?"

"ಇದೇ. ನಾಟಕ ಅನ್ನೋದು ಆ ರಾತ್ರಿ ಆಗಿ ಆ ರಾತ್ರೀನೇ ಮುಗಿದುಹೋಗುತ್ತೆ ಐಲಿ. ಪುಸ್ತಕದಲ್ಲಿ ಮಾತು ಮಾತ್ರ ಉಳಿಯುತ್ತೆ. ಯಾರು ಎಲ್ಲಿ ನಿಂತ್ರು, ಎಷ್ಟು ಹೊತ್ತು ಸುಮ್ನಿದ್ರು, ಜನ ಹೇಗೆ ಕೂತಿದ್ರು, ಅದು ಯಾರ ಹತ್ರಾನೂ ಉಳಿಯಲ್ಲ."

"ನೀನು ಬರೆದಿಟ್ರೆ ನಾಟಕ ಇನ್ನೂ ಚೆನ್ನಾಗಾಗುತ್ತಾ?"

"ನೀನು ಅಳೆದ್ರೆ ಹಾಲು ಗಟ್ಟಿಯಾಗುತ್ತಾ?"

"ಇಲ್ಲ. ಆದ್ರೆ ಎಂಥ ಹಾಲು ಅಂತ ಗೊತ್ತಾಗುತ್ತೆ."

"ಅಷ್ಟೇ ನಾನು ಮಾಡೋದೂ," ಎಂದು ಬನ್ನಿನ ಕೊನೆಯ ತುಂಡನ್ನು ಬಾಯಿಗೆ ಹಾಕಿಕೊಂಡ.

ಅವಳಿಗೆ ಆ ಮಾತು ಅರ್ಥವಾಯಿತು. ಒಪ್ಪಿಗೆಯಾಗಲಿಲ್ಲ. ಹಾಲನ್ನು ಮಕ್ಕಳು ಕುಡಿಯುತ್ತವೆ. ಬಸ್ಸಿನ ಮೆಟ್ಟಿಲಲ್ಲಿ ನಿಂತು ಕೇಳಿದಳು: "ಅಪ್ಪ ಕೇಳಿದ್ರೆ ಏನು ಹೇಳ್ಲಿ?"

"ಕತ್ತಲಲ್ಲಿ ಕೂತು ನೋಡ್ತಾನೆ ಅಂತ ಹೇಳು," ಎಂದು ನಕ್ಕಿದ್ದ. ಅವಳು ಮನೆಗೆ ಹೋಗಿ, ಕಾಲೇಜಿನಲ್ಲಿ ಪಾಠ ಮಾಡುತ್ತಾನೆ ಎಂದು ಹೇಳಿದಳು.

* * *

ಶವದ ಮೆರವಣಿಗೆ ಕಾಡಂಚಿನ ಪೈನ್ ಮರಗಳ ಬಳಿ ನಿಂತಿತು. ಆ ಭಾಗದಲ್ಲಿ ಯಾರನ್ನು ಹೂಳಲು ಒಯ್ದರೂ ಇಲ್ಲಿ ನಿಂತು, ಸತ್ತವರ ಹೆಸರಿಗೆ ಒಂದು ಮರದ ತೊಗಟೆ ಕೆತ್ತಿ ಶಿಲುಬೆ ಮಾಡಿಯೇ ಮುಂದೆ ಹೋಗಬೇಕು. ಸತ್ತವರು ಮನೆ ನೆನಪಾಗಿ ತಿರುಗಿ ಬಂದರೆ ಈ ಗುರುತು ದಾಟಿ ಬರಲಾರರು ಎಂದು ಹಿರಿಯರ ನಂಬಿಕೆ. ಈಗ ಯಾರೂ ನಂಬುವುದಿಲ್ಲ. ಕೆತ್ತುವುದನ್ನು ಬಿಡುವುದೂ ಇಲ್ಲ. ಅಮ್ಮನ ಶಿಲುಬೆ ಒಂದು ಮರದಲ್ಲಿತ್ತು. ಅಪ್ಪನದು ಪಕ್ಕದಲ್ಲಿ, ತೊಗಟೆ ಬೆಳೆದು ಅಂಚು ಮುಚ್ಚಿಕೊಂಡು ಹಳೆಯ ಗಾಯದಂತೆ ಆಗಿತ್ತು.

ಕೆತ್ತಬೇಕಾದವನು ಮನೆಯ ಗಂಡಸು. ವಾಂಬೊಲನಿಗೆ ಮಗನಿರಲಿಲ್ಲ, ಮದುವೆಯೇ ಆಗಿರಲಿಲ್ಲ. ಹಾಗಾಗಿ ಜೊತೆಯಲ್ಲಿ ಶಾಲೆಗೆ ಹೋದವನೆಂದು ಎಲ್ಮಾರ್ ಕೊಡಲಿ ಹಿಡಿದ. ಮೊದಲು ಮರದ ಸುತ್ತ ಒಂದು ಸುತ್ತು ಬಂದ. ಟೊಪ್ಪಿ ತೆಗೆದು ಕೊಂಬೆಗೆ ಸಿಕ್ಕಿಸಿದ. ಅಂಗೈಗೆ ಉಗುಳಿಕೊಂಡ. ಎರಡು ಏಟು ಹಾಕಿ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೇರ ಇದೆಯೇ ಎಂದು ನೋಡಿದ. ರಂಗಮಂದಿರದ ಜನ ಅರ್ಧಚಂದ್ರದ ಹಾಗೆ ನಿಂತು ಸದ್ದಿಲ್ಲದೆ ನೋಡುತ್ತಿದ್ದರು. ಅಷ್ಟು ಹೊತ್ತು ಊರಿನವರೆದುರು ಮುದುರಿಕೊಂಡು ನಿಂತಿದ್ದವರ ಮುಖಗಳು ಈಗ ಸಡಿಲಾಗಿದ್ದವು. ನೋಡುವುದು ಅವರಿಗೆ ಬರುತ್ತಿತ್ತು.

"ನಾಟಕ ನೋಡೋ ಹಾಗೆ ನಿಲ್ಬೇಡ್ರಪ್ಪ," ಎಂದ ಎಲ್ಮಾರ್, ತಿರುಗದೆ. "ಕೈ ನಡುಗುತ್ತೆ."

ಆದರೆ ಅವನು ಮಾಮೂಲಿಗಿಂತ ನಿಧಾನವಾಗಿ, ಕೊಡಲಿಯನ್ನು ಮಾಮೂಲಿಗಿಂತ ಮೇಲೆತ್ತಿ ಹೊಡೆಯುತ್ತಿದ್ದುದನ್ನು ಐಲಿ ಗಮನಿಸಿದಳು. ಅವನ ಹೆಂಡತಿಯೂ ಗಮನಿಸಿ ತುಟಿ ಕಚ್ಚಿಕೊಂಡಳು.

ವೋಡ್ಕಾದ ಬಾಟಲಿ ಕೈಯಿಂದ ಕೈಗೆ ಹೋಯಿತು. ಕಪ್ಪು ಬ್ರೆಡ್ಡಿನ ತುಂಡುಗಳು ಅದರ ಹಿಂದೆ. ಹೆಲ್ಗಿ ಒಂದು ಗುಟುಕು ಕುಡಿದು ಬಾಟಲಿ ಐಲಿಗೆ ಕೊಟ್ಟು ಅಲ್ಲಿಯೇ ನಿಂತಳು.

"ಬೆಳಿಗ್ಗೆ ನೀವು ಅಂದ್ರಲ್ಲ, ಅವರು ಒಂದು ದಿನಾನೂ ಪಾತ್ರ ಮಾಡಿಲ್ಲ ಅಂತ," ಎಂದಳು. "ಒಂದ್ಸಲ ಮಾಡಿದಾರೆ. ನಿಮ್ಮ ಮನಸ್ಸು ಬದಲಾಯಿಸ್ಬೇಕು ಅಂತ ಅಲ್ಲ. ನಿಮಗೆ ಗೊತ್ತಿರ್ಲಿ ಅಂತ."

"ಯಾವಾಗ?"

"ನನ್ನ ಮನೆ ಅಡುಗೆಮನೇಲಿ."

* * *

ಹೆಲ್ಗಿಗೆ ಆಗ ಇಪ್ಪತ್ತೆರಡೋ ಇಪ್ಪತ್ತಮೂರೋ. ಅವಳ ಮೊದಲ ದೊಡ್ಡ ಪಾತ್ರ ಒಂದು ತೋಟದ ಮನೆಯ ಕೆಲಸದಾಕೆಯದು. ಕೊನೆಯಲ್ಲಿ ಅಧಿಕಾರಿ ಬಂದು, ಮನೆಯವರೆಲ್ಲ ಎಲ್ಲಿ ಹೋದರು ಎಂದು ಕೇಳುತ್ತಾನೆ. ಅವಳು ಉತ್ತರ ಕೊಡದೆ ಪಾತ್ರೆ ತೊಳೆಯುತ್ತಾಳೆ. ಬರೆದ ನಾಟಕದಲ್ಲಿ ಅಲ್ಲಿ ಒಂದು ಸಾಲು ಮಾತಿತ್ತು. ತಾಲೀಮಿನಲ್ಲಿ ಅದು ಉದುರಿಹೋಗಿ ತೊಳೆಯುವುದು ಮಾತ್ರ ಉಳಿಯಿತು. ಆ ಕಾಲದಲ್ಲಿ ಸಭಾಂಗಣದಲ್ಲಿ ಕೂತವರಲ್ಲಿ ಬಹಳ ಜನಕ್ಕೆ, ಸರ್ಕಾರದವರು ರಾತ್ರೋರಾತ್ರಿ ಜನರನ್ನು ಎತ್ತಿಕೊಂಡು ಹೋಗಿ ಖಾಲಿಯಾದ ಮನೆಯೆಂದರೆ ಏನೆಂದು ಗೊತ್ತಿತ್ತು. ಕೆಲವೇ ಪ್ರದರ್ಶನಗಳ ನಂತರ ಮೇಲಿನಿಂದ ಯಾರದೋ ಫೋನು ಬಂತು, ನಾಟಕ ನಿಂತಿತು. ಚಿತ್ರ ತೆಗೆದಿರಲಿಲ್ಲ. ನಿರ್ದೇಶಕ ಕುಡಿದು ಸತ್ತ. ಹೆಲ್ಗಿ ಬೇರೆ ನೂರು ಪಾತ್ರ ಮಾಡಿದಳು, ಇದು ಅಳಿಸಿಹೋಯಿತು.

"ಮುದುಕಿಯಾದ್ಮೇಲೆ ಹುಡುಗೀರಿಗೆ ನಟನೆ ಕಲಿಸೋಕೆ ಶುರು ಮಾಡಿದೆ," ಎಂದಳು ಹೆಲ್ಗಿ. "ಆ ದೃಶ್ಯ ತೋರಿಸ್ಬೇಕು ಅನಿಸ್ತು. ನಿಂತೆ, ಕೈ ಎತ್ತಿದೆ, ಏನೂ ಇಲ್ಲ. ಏನ್ ಮಾಡಿದ್ದೆ ನಾನು? ಹುಡುಗೀರು ಕಾಯ್ತಾ ಇದಾವೆ. ಮನೆಗೆ ಬಂದು ವಾಂಬೊಲಗೆ ಫೋನ್ ಮಾಡ್ದೆ. 'ಫೋನಲ್ಲಿ ಹೇಳೋಕಾಗಲ್ಲ, ಬರ್ತೀನಿ' ಅಂದ್ರು. ಸಂಜೆ ಬಂದ್ರು. ಬೂಟು ಬಾಗಿಲಲ್ಲಿ ಬಿಟ್ಟು, ಸಾಕ್ಸಲ್ಲಿ. ಒಂದರ ಹೆಬ್ಬೆರಳು ಹೊರಗೆ ಕಾಣ್ತಿತ್ತು."

ಅವನು ಮೇಜನ್ನು ಪಕ್ಕಕ್ಕೆ ಸರಿಸಿದ. ಅವಳ ಏಪ್ರನ್ ತೆಗೆದು ಸೊಂಟಕ್ಕೆ ಕಟ್ಟಿಕೊಂಡ. 'ಅಧಿಕಾರಿ ಅಲ್ಲಿ, ಫ್ರಿಜ್ಜಿನ ಹತ್ತಿರ' ಎಂದ. ಆಮೇಲೆ ಮಾತು ನಿಲ್ಲಿಸಿದ. ಬೆನ್ನು ಒಂಚೂರು ಬಾಗಿತು. ಬೋಗುಣಿ ಎಡಗಡೆ ಇಟ್ಟ. ಒಂದು ತಟ್ಟೆ ತೊಳೆದ, ಇನ್ನೊಂದು ತೊಳೆದ. ಮೂರನೆಯದನ್ನು ನೀರಿಗೆ ಇಳಿಸಿ ಅಲ್ಲೇ ಹಿಡಿದ. ನೀರೊಳಗೆ ಕೈಗಳು ನಿಂತವು. ಮುಖ ಫ್ರಿಜ್ಜಿನ ಕಡೆಗೆ ತಿರುಗುತ್ತದೆ ಎನ್ನುವಷ್ಟರಲ್ಲಿ ತಿರುಗದೆ ಮತ್ತೆ ತೊಳೆಯತೊಡಗಿದ.

"ನಾನು ಐಲಿ, ನನ್ನನ್ನೇ ನೋಡಿದೆ. ಆ ವಯಸ್ಸಲ್ಲಿ. ಕನ್ನಡೀಲಿ ಸಿಗದೇ ಇದ್ದದ್ದು. ಅಷ್ಟು ವರ್ಷ ಆ ಹುಡುಗೀನ ತಮ್ಮ ಮೈಯೊಳಗೆ ಇಟ್ಕೊಂಡಿದ್ರು ಆ ಮನುಷ್ಯ. ಮುಗಿಸಿ ಕೈ ಒರೆಸಿಕೊಂಡು, 'ಹೀಗಿತ್ತು. ಕೊನೇ ಪ್ರದರ್ಶನದಲ್ಲಿ ಸ್ವಲ್ಪ ಬೇರೆ ಮಾಡಿದ್ರಿ, ಅದೂ ಬೇಕಾ?' ಅಂದ್ರು. ನಾನು ಅಳ್ತಾ ಕೂತಿದ್ದೆ. ಚಪ್ಪಾಳೆ ತಟ್ಟಬೇಕು ಅಂತಾನೂ ಹೊಳೀಲಿಲ್ಲ. 'ಸೂಪು ಆರ್ತಾ ಇದೆ' ಅಂದ್ರು, ಕೂತು ತಿಂದ್ವಿ."

* * *

ಐಲಿ ಬಾಟಲಿಯನ್ನು ಹಿಡಿದೇ ನಿಂತಿದ್ದಳು. ಏಪ್ರನ್ ಕಟ್ಟಿಕೊಂಡ ವಾಂಬೊಲನನ್ನು ಅವಳಿಗೆ ಕಲ್ಪಿಸಿಕೊಳ್ಳಲು ಆಗುತ್ತಿರಲಿಲ್ಲ. ತಮ್ಮ ಮನೆಯಲ್ಲಿ ಅವನು ಒಂದು ತಟ್ಟೆಯನ್ನೂ ತೊಳೆದವನಲ್ಲ.

"ಯಾರ್ಯಾರು ನೋಡಿದ್ರು?" ಹಿಂದಿನಿಂದ ಎಲ್ಮಾರ್ ಕೇಳಿದ. ಕೊಡಲಿ ಭುಜದ ಮೇಲಿತ್ತು. ಎಷ್ಟು ಹೊತ್ತಿನಿಂದ ಕೇಳುತ್ತಿದ್ದನೋ.

"ನಾನು. ಮತ್ತೆ ನನ್ನ ಬೆಕ್ಕು."

"ಬೆಕ್ಕಿಗೆ ಇಷ್ಟ ಆಯ್ತಾ?"

"ಅದು ಮಧ್ಯದಲ್ಲಿ ಎದ್ದು ಹೋಯ್ತು."

ಎಲ್ಮಾರ್ ಮೂಗಿನಿಂದ ಉಸಿರು ಬಿಟ್ಟ, ಅದು ಅವನ ನಗು. ಆಮೇಲೆ ಬೂಟಿನ ತುದಿಯಿಂದ ತೊಗಟೆಯ ಚಕ್ಕೆಗಳನ್ನು ಒಟ್ಟು ಮಾಡುತ್ತ, ಯಾರಿಗೂ ಅಲ್ಲ ಎಂಬಂತೆ ಹೇಳಿದ: "ನಮ್ಮಮ್ಮನ ಹತ್ರಾನೂ ಬಂದಿದ್ದ. ಯುದ್ಧಕ್ಕೆ ಮುಂಚೆ ಊರ ಸಮುದಾಯ ಭವನದಲ್ಲಿ ನಾಟಕ ಆಡಿದ್ಲಂತೆ ಅವಳು, ನಮಗೇ ಗೊತ್ತಿರ್ಲಿಲ್ಲ. ಇಡೀ ದಿನ ಕೂತು ಕೇಳ್ದ. ಬಕೆಟ್ಟು ಯಾವ ಕೈಯಲ್ಲಿತ್ತು, ತಲೆವಸ್ತ್ರ ಯಾವ ಬಣ್ಣ. ನಾನು ಅಂದೆ, ಏನ್ ತಲೆಹರಟೆ ಮಾರಾಯ, ಅವಳಿಗೆ ನಿನ್ನೆ ಊಟ ಮಾಡಿದ್ದು ನೆನಪಿಲ್ಲ. ಅವಳು ಎದ್ದು ನಿಂತು ಪೂರಾ ಆಡಿ ತೋರ್ಸಿದ್ಲು. ಊರುಗೋಲು ಬಿಸಾಕಿ. ಒಂದು ವಾರ ಮನೇಲಿ ರಾಣಿ ಹಾಗೆ ಓಡಾಡಿದ್ಲು. ನಮ್ಮ ಕೈಲಿ ಕಾಫಿ ತರಿಸ್ಕೊಂಡು."

"ನಂಗೆ ಇದನ್ನ ಹೇಳೇ ಇಲ್ವಲ್ಲ ನೀನು," ಎಂದಳು ಐಲಿ.

"ನೀನು ಕೇಳಿಲ್ವಲ್ಲ."

ಅವಳು ಬಾಟಲಿ ಎತ್ತಿ ಕುಡಿದಳು. ಹೌದು, ಕೇಳಿರಲಿಲ್ಲ. ನಗುತ್ತಾರೆಂಬ ಭಯಕ್ಕೆ ಊರಿನಲ್ಲಿ ಅಣ್ಣನ ಮಾತನ್ನೇ ಎತ್ತಿರಲಿಲ್ಲ.

ಸ್ಮಶಾನದಲ್ಲಿ ಗಾಳಿ ಇರಲಿಲ್ಲ. ಪಾದ್ರಿಯಮ್ಮ ಚಿಕ್ಕದಾಗಿ ಮಾತಾಡಿದಳು. ಪೆಟ್ಟಿಗೆಯನ್ನು ಬಟ್ಟೆಯ ಪಟ್ಟಿಗಳ ಮೇಲೆ ಇಳಿಸಿದರು. ಒಬ್ಬೊಬ್ಬರೂ ಬಂದು ಮೂರು ಹಿಡಿ ಮರಳು ಹಾಕಿದರು. ಹೆಪ್ಪುಗಟ್ಟಿದ ಮರಳಿನ ಉಂಡೆಗಳು ಮರದ ಮೇಲೆ ಟಕ್ ಟಕ್ ಎಂದವು. ಎಲ್ಮಾರ್ ಮತ್ತು ಅವನ ಇಬ್ಬರು ಜೊತೆಗಾರರು ಗುದ್ದಲಿ, ಸಲಿಕೆ ಹಿಡಿದು ಗುಂಡಿ ಮುಚ್ಚಿದರು. ಊರಿನ ಹೆಂಗಸರು ಹಾಡು ಹೇಳಿದರು. ಎರಡನೆಯ ಚರಣಕ್ಕೆ ರಂಗಮಂದಿರದವರು ಸೇರಿಕೊಂಡಾಗ ಹಾಡು ಒಮ್ಮೆಲೇ ತುಂಬಿಕೊಂಡು, ಊರಿನವರು ತಿರುಗಿ ನೋಡಿದರು. ದಿಬ್ಬದ ಮೇಲೆ ಹಸಿರು ಕೊಂಬೆ, ಅದರ ಮೇಲೆ ಹೂವು, ಗಾಜಿನ ಬುಡ್ಡಿಗಳಲ್ಲಿ ಮೇಣದಬತ್ತಿ.

ಗುಂಡಿ ತೋಡಿದವರಿಗೆ ಮನೆಯವರು ಉಣ್ಣೆಯ ಕೈಗವಸು ಕೊಡುವುದು ಪದ್ಧತಿ. ಐಲಿ ಹೆಣೆದ ಜೊತೆಗಳನ್ನು ಚೀಲದಿಂದ ತೆಗೆದು ಮೂವರಿಗೂ ಕೊಟ್ಟಳು. ಎಲ್ಮಾರ್ ತನ್ನದನ್ನು ತಿರುಗಿಸಿ ಹೆಣಿಗೆ ನೋಡಿ ಕಂಕುಳಿಗೆ ಸಿಕ್ಕಿಸಿಕೊಂಡ. ಅಲ್ಲಿಗೆ ಎಲ್ಲ ಮುಗಿದಿತ್ತು.

ಯಾರೂ ಹೊರಡಲಿಲ್ಲ. ಸಾಮಾನ್ಯವಾಗಿ ಈ ಹೊತ್ತಿಗೆ ಯಾರಾದರೂ ಕೆಮ್ಮಿ, ಮೂಗು ಒರೆಸಿ, ಊಟದ ಕಡೆಗೆ ತಿರುಗುತ್ತಾರೆ. ಮನೆಯಲ್ಲಿ ಬಟಾಣಿ ಬೆಂದಿದೆ, ಹಂದಿಮಾಂಸ ಇದೆ, ಆಲೂಗಡ್ಡೆ ಕಲಸಿಟ್ಟಿದೆ. ಐಲಿ ತಲೆಯೆತ್ತಿ ಜನರನ್ನು ನೋಡಿದಳು. ದಿಬ್ಬವನ್ನಲ್ಲ, ಮುಖಗಳನ್ನು. ಎಲ್ಮಾರನ ಹೆಂಡತಿಯ ಗದ್ದ ಸ್ವಲ್ಪ ಮೇಲೆದ್ದು ನಿಂತಿತ್ತು. ಅಂಗಡಿಯವನ ಬಾಯಿ ತೆರೆದಿತ್ತು, ಬಾಯಿಯ ಆವಿ ಮಾತ್ರ ಅಲುಗಾಡುತ್ತಿತ್ತು. ರಂಗಮಂದಿರದವರೆಲ್ಲ ಎರಡೂ ಕೈಗಳನ್ನು ಕೋಟಿನ ಜೇಬಿಗೆ ಆಳಕ್ಕೆ ಇಳಿಸಿ, ಒಳಗೆ ಏನನ್ನೋ ಬಿಗಿಯಾಗಿ ಹಿಡಿದವರಂತೆ ನಿಂತಿದ್ದರು. ಹೆಲ್ಗಿ ಅವಳ ಕಡೆ ನೋಡುತ್ತಿರಲಿಲ್ಲ. ಬೆಳಿಗ್ಗೆ ಕೊಟ್ಟ ಮಾತಿಗೆ ತಪ್ಪದೆ ನೆಲ ನೋಡುತ್ತಿದ್ದಳು.

ಈ ಮೌನ ಮುರಿಯಬೇಕಾದರೆ ತಾನೇ ಮುರಿಯಬೇಕು ಎಂದು ಐಲಿಗೆ ಗೊತ್ತಾಯಿತು. ಆದಷ್ಟು ಹೊತ್ತು ಮುರಿಯದೆ ನಿಂತಳು.

ಆಮೇಲೆ ಎರಡೂ ಕೈ ಮೇಲೆತ್ತಿ ತಟ್ಟಿದಳು. ದಪ್ಪ ಉಣ್ಣೆಯ ಗವಸು. ಕೊಂಬೆಯಿಂದ ಹಿಮ ಜಾರಿ ಬಿದ್ದಷ್ಟು ಸದ್ದು ಬಂತು. ಮತ್ತೆ ತಟ್ಟಿದಳು. ಹೆಲ್ಗಿಯ ಕೈಗಳು ಜೇಬಿನಿಂದ ಹೊರಬಂದವು, ಅವಕ್ಕೂ ಗವಸು. ಆಮೇಲೆ ಉಳಿದವರದು. ಅಷ್ಟು ಜನರ ಚಪ್ಪಾಳೆ, ಆದರೂ ಮೇಣದಬತ್ತಿ ಉರಿಯುವ ಸಣ್ಣ ಚಟಪಟ ಅದರ ನಡುವೆ ಕೇಳುತ್ತಿತ್ತು. ಐಲಿ ಊರಿನವರ ಕಡೆ ನೋಡಲಿಲ್ಲ. ನಗುವವರು ನಗಲಿ.

ಕೊನೆಗೆ ನೋಡಿದಳು. ಎಲ್ಮಾರ್ ಸಲಿಕೆಯನ್ನು ಹಿಮದಲ್ಲಿ ನೆಟ್ಟಗೆ ಊರಿ ನಿಲ್ಲಿಸಿದ. ಮಣ್ಣಾದ ಬರಿಗೈಗಳನ್ನು ಒಮ್ಮೆ ನೋಡಿಕೊಂಡು ಪ್ಯಾಂಟಿಗೆ ಒರೆಸಿದ. ಕಂಕುಳಿನಿಂದ ಹೊಸ ಗವಸುಗಳನ್ನು ತೆಗೆದು, ಅವಸರವಿಲ್ಲದೆ, ಮೊದಲು ಎಡಗೈಗೆ ಹಾಕಿಕೊಂಡ, ಆಮೇಲೆ ಬಲಗೈಗೆ. ಹೆಬ್ಬೆರಳು ಸರಿಯಾಗಿ ಕೂರುವ ಹಾಗೆ ಎಳೆದುಕೊಂಡು, ಆಮೇಲೆ ತಟ್ಟತೊಡಗಿದ.